ಮಾಮಾ, ನಿಮ್ಮ ಆಳದ ಡಬ್ಬಿ ಹೊಸ ಪರದೆಗೆ ಮಾತಾಡಿತು

ಮಾಮಾ,

ನಿಮ್ಮ ಮಾದೇವಿಯ ಶರಣಾರ್ಥಿ. ನಿಮ್ಮ ಅಕ್ಕನ ಮಗಳೂ ನಾನೇ, ನಿಮ್ಮ ಮಗ ಶಾಂತುವಿನ ಹೆಂಡತಿಯೂ ನಾನೇ. ಎರಡು ಕಡೆಯಿಂದಲೂ ಸೊಸೆಯಾದ್ದರಿಂದ ನಿಮಗೆ ಕಾಗದ ಬರೆಯುವ ಹಕ್ಕು ಉಳಿದವರಿಗಿಂತ ನನಗೆ ತುಸು ಜಾಸ್ತಿ ಎಂದುಕೊಂಡಿದ್ದೇನೆ. ನೀವು ಹೋದ ಮೇಲೆ ಮನೆಯಲ್ಲಿ ಏನೇನಾಯಿತು ಎಂದು ಎಲ್ಲವನ್ನೂ ಬರೆಯುತ್ತ ಕೂರುವುದಿಲ್ಲ. ದೋಣಿಯ ಸುದ್ದಿಯನ್ನಷ್ಟೇ ಬರೆಯುತ್ತೇನೆ. ನೀವು ಮೊದಲು ಕೇಳುವುದೂ ಅದನ್ನೇ ಅಲ್ಲವೇ?

ಅದು ಮುಂಬೈಯಿಂದ ಲಾರಿ ಏರಿ ವಾಡಿಗೆ ಬಂದ ಮಧ್ಯಾಹ್ನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಡ್ರೈವರ್ ಚಹಾ ಕುಡಿಯಲೆಂದು ಸ್ಟೇಷನ್ ಮುಂದೆ ಲಾರಿ ನಿಲ್ಲಿಸಿದ್ದೇ ತಡ, ಸುತ್ತಲೂ ಜನ ನೆರೆದರು. ಒಬ್ಬರು ಇದು ಸಿಮೆಂಟ್ ಕಾರ್ಖಾನೆಗೆ ಬಂದ ತೊಟ್ಟಿ ಎಂದರು. ಇನ್ನೊಬ್ಬರು ಮದುವೆ ಅಡುಗೆಯವರು ತರಿಸಿದ ಕೊಪ್ಪರಿಗೆ ಎಂದರು. ನೀವು ಲಾರಿಯ ಮೇಲಿನ ಆ ದೋಣಿಯೊಳಗೇ ಕಾಲು ಚಾಚಿ ಕುಳಿತು, ಅಷ್ಟು ದೂರದ ಡಾಂಬರು ರಸ್ತೆಯನ್ನು ಸಮುದ್ರ ದಾಟಿದ ಗತ್ತಿನಲ್ಲಿ ದಾಟಿ ಬಂದಿದ್ದಿರಿ. ಮುದುಕರೊಬ್ಬರು ಬಹಳ ಹೊತ್ತು ಸುತ್ತಿ ಸುತ್ತಿ ನೋಡಿ, "ತಮ್ಮಾ, ಬೋಟ್ ಅಂತೂ ಬಂತು. ನೀರು ಎಲ್ಲಿಂದ ತರಸ್ತಿ?" ಎಂದು ಕೇಳಿದರು. ನೆಲಕ್ಕೆ ಹಾಸುವ ಫರ್ಸಿ ಕಲ್ಲು, ಸಿಮೆಂಟಿನ ಧೂಳು, ತೊಗರಿ ಹೊಲ ಇಷ್ಟೇ ಕಂಡ ನಾಡಿನಲ್ಲಿ ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಮುಂಬೈ ಬಂದರಿನ ವರ್ಕ್‌ಶಾಪಿನಲ್ಲಿ ಮೀನು ಹಿಡಿಯುವ ದೋಣಿಗಳ ಯಂತ್ರ ರಿಪೇರಿ ಮಾಡುತ್ತ ಅರ್ಧ ಆಯುಷ್ಯ ಕಳೆದವರು ನೀವು. ಶಹಾಬಾದಿಗೆ ತಿರುಗಿ ಬಂದು ರೇಡಿಯೋ, ಆಂಪ್ಲಿಫೈಯರ್ ಅಂಗಡಿ ಹಾಕಿದರೂ ನಿಮ್ಮ ಜೀವ ನೀರಿನಲ್ಲೇ ಇತ್ತು. ನೀರು ಹುಡುಕಿಕೊಂಡು ಚಿಂಚೋಳಿಯ ಡ್ಯಾಮಿನವರೆಗೆ ಹೋದಿರಿ. ಚಂದಾಪುರದ ಖಾಜಾನನ್ನು ಹಿಡಿದಿರಿ, ಪ್ರವಾಸಿಗರನ್ನು ಸುತ್ತಿಸುವ ಕೆಲಸ ಅವನಿಗೆ ಒಪ್ಪಿಸಿದಿರಿ. ಖಾಜಾ ಅಲ್ಲಿಯವರೆಗೆ ಬಲೆ ಬೀಸುತ್ತಿದ್ದವನು. ಬಲೆ ಮಾರಿ, ನಿಮ್ಮನ್ನು ಉಸ್ತಾದರೆಂದು ಕರೆಯುತ್ತ ನಿಮ್ಮ ದೋಣಿ ನಂಬಿದ.

ದೋಣಿಯ ಜೊತೆ ಬಂದ ಆ ಹಳೆಯ ಯಂತ್ರವನ್ನು ನೀವು ಮೊದಲ ಸಲ ಪರೀಕ್ಷೆ ಮಾಡಿದ್ದು ನಮ್ಮ ಮನೆಯ ನೀರಿನ ತೊಟ್ಟಿಯಾದ ಹೌದಿನಲ್ಲಿ. ಅದರ ತಳದ ಗುಂಡು ನೀರಿನೊಳಗೆ ಸದ್ದು ಬಿಡುತ್ತದೆ, ನೆಲಕ್ಕೆ ಬಡಿದು ಬಂದ ಮಾರ್ದನಿ ಕೇಳಿ ಆಳ ಎಷ್ಟೆಂದು ಹೇಳುತ್ತದೆ ಎಂದು ನನಗೆ ವಿವರಿಸಿದಿರಿ. ಅಂದಿನಿಂದ ಮನೆಯಲ್ಲಿ ಅದರ ಹೆಸರು ಆಳದ ಡಬ್ಬಿ. ಹೌದಿನ ಗೋಡೆಗಳ ನಡುವೆ ಸದ್ದು ಹೊಯ್ದಾಡಿ, ಡಬ್ಬಿ ನಮ್ಮ ಹೌದು ಬಾವಿಗಿಂತಲೂ ಆಳವಾಗಿದೆ ಎಂದು ತೋರಿಸಿತು. ನೀವು ಖುಷಿಯಿಂದ ಎಲ್ಲರನ್ನೂ ಕರೆದಿರಿ. ಅತ್ತೆ ಕೊಡ ಹಿಡಿದು ಬಂದು ಬಗ್ಗಿ ನೋಡಿದರು. "ಅಷ್ಟು ನೀರದ ಅಂದ್ರ ನನ್ನ ಕೊಡ ಯಾಕ ತಳಕ್ಕ ಕೆರೀಲಿಕತ್ತದ?" ಎಂದರು. ನೀವು ಡಬ್ಬಿ ಎತ್ತಿಕೊಂಡು, ನೀರು ನಿಂತ ಹಳೆಯ ಕಲ್ಲು ಖಣಿಗೆ ಹೋಗಿಬಿಟ್ಟಿರಿ. ಅಲ್ಲಿ ಅದು ಸರಿಯಾದ ಆಳ ಹೇಳಿತು. ಅದನ್ನು ತಿಳಿಸಲು ನೀವು ಓಡಿ ಬಂದಾಗ ಅತ್ತೆ ಇನ್ನೂ ನೀರೇ ಸೇದುತ್ತಿದ್ದರು.

ನೀವು ಹೋದ ಮೇಲಿನ ಮೊದಲ ಬೇಸಿಗೆಯಲ್ಲಿ ದೋಣಿ ಇರುವ ಜಾಗ ತೋರಿಸುವ ನಿಮ್ಮ ಇನ್ನೊಂದು ಯಂತ್ರ, ಆ ಜಿಪಿಎಸ್, ಕೆಟ್ಟಿತು. ಅದೂ ಸುಮ್ಮನೆ ಕೆಡಲಿಲ್ಲ. ಮೊದಲು ಅದಕ್ಕೆ ತಾರೀಖು ಮರೆಯಿತು. ಸುಮಾರು ಇಪ್ಪತ್ತು ವರ್ಷ ಹಿಂದೆ ಹೋಗಿ ನಿಂತಿತು. ನೀವು ಇನ್ನೂ ಮುಂಬೈಯಲ್ಲಿದ್ದ ಕಾಲ ಅದು. ಖಾಜಾ ಫೋನ್ ಮಾಡಿ, ಉಸ್ತಾದರು ಬದುಕಿದ್ದ ವರ್ಷಕ್ಕೇ ಇದು ಹೋಗಿ ಕುಂತಿದೆ, ನಾನೇನು ಮಾಡಲಿ ಎಂದು ಕೇಳಿದ. ಏನು ಮಾಡು ಎಂದು ಹೇಳಲಿ? ಹಾಗೇ ಇರಲಿ ಬಿಡು ಎಂದೆ. ಆಮೇಲೆ ಪರದೆಯೇ ಕಪ್ಪಾಯಿತು.

ಅದೇ ಬೇಸಿಗೆಯಲ್ಲಿ ಬೇರೆ ಯಾರದೋ ದೋಣಿ ನೀರಡಿಯ ಹಳೆಯ ಹೊಲದ ಗೋಡೆಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಡ್ಯಾಮಿನ ನಡುವೆ ಮೊಣಕಾಲುದ್ದ ನೀರಿನಲ್ಲಿ ಜನ ಚಪ್ಪಲಿ ಕೈಯಲ್ಲಿ ಹಿಡಿದು ಆ ಗೋಡೆಯ ಮೇಲೆ ನಿಂತು, ಇನ್ನೊಂದು ದೋಣಿ ಬರಲಿ ಎಂದು ಕಾದರು. ನೋಡಲು ನಗು ಬರುವಂತಿದ್ದರೂ ತಪಾಸಣೆಗೆ ಬರುವ ಸಾಹೇಬರಿಗೆ ನಗು ಬರಲಿಲ್ಲ. ದೋಣಿ ಇರುವ ಜಾಗ, ನೀರಿನ ಆಳ, ಎರಡೂ ನಡೆಸುವವನ ಕಣ್ಣ ಮುಂದೆ ಕಾಣದಿದ್ದರೆ ಪರವಾನಗಿ ಇಲ್ಲ ಎಂದರು. ನಮ್ಮ ಡಬ್ಬಿಯನ್ನೋ, ನೀವು ಹಿಂದಿನ ಸೀಟಿನ ಬುಡಕ್ಕೆ ಕೂರಿಸಿದ್ದೀರಿ. ಅದರ ಮಂಕು ಅಂಕಿ ಬಿಸಿಲಿಗೆ ಕಾಣುವುದೇ ಇಲ್ಲ. ಖಾಜಾ ಪ್ರತಿ ಸಲ ಎಂಜಿನ್ ಬಿಟ್ಟು ಹಿಂದೆ ಬಂದು, ನೆಗಡಿಗೆ ಹಬೆ ತಗೊಳ್ಳುವವನ ಹಾಗೆ ಟವೆಲ್ ಹೊದ್ದು ಡಬ್ಬಿಯೊಳಗೆ ಇಣುಕುತ್ತಿದ್ದ. ನಡು ನೀರಿನಲ್ಲಿ ದೋಣಿ ನಡೆಸುವವನ ತಲೆ ಟವೆಲಿನೊಳಗೆ ಹೋದರೆ ಕೂತ ಜನರಿಗೆ ಹೇಗಾಗಬೇಡ?

ಅತ್ತೆ ಒಂದು ಸಂಜೆ ತೊಗರಿಬೇಳೆ ಆರಿಸುತ್ತ ಕುಳಿತಾಗ, ದೋಣಿಗೆ ಗಿರಾಕಿ ಸಿಕ್ಕಿದ್ದಾನೆ ಎಂದು ತಣ್ಣಗೆ ಹೇಳಿಬಿಟ್ಟರು. ತೆಂಗಳಿಯ ಗುರುಪಾದಪ್ಪ. ರಸ್ತೆ ಬದಿಯಲ್ಲಿ ಅವನದೊಂದು ಹೋಟೆಲಿದೆ. ದೋಣಿಯನ್ನು ಹೋಟೆಲ್ ಮುಂದಿಟ್ಟು, ಒಳಗೆ ಮೇಜು ಹಾಕಿ, ಜನರನ್ನು ಕೂರಿಸಿ ಚಹಾ, ಮಿರ್ಚಿಭಜಿ ಕೊಡುವುದು ಅವನ ಯೋಜನೆ. ಅವನು ಆಗಲೇ ಚಿಂಚೋಳಿಗೆ ಹೋಗಿ ಅಳತೆಯನ್ನೂ ತಗೊಂಡಿದ್ದ. ಹತ್ತಿ ಇಳಿಯಲು ಅನುಕೂಲವಾಗಲೆಂದು ಒಂದು ಮಗ್ಗುಲು ಕೊಯ್ದು ಬಾಗಿಲು ಇಡಿಸುತ್ತಾನಂತೆ. ಶಾಂತುವನ್ನು ಕೇಳಿ ಫಲವಿಲ್ಲ. ಅವರಿಗೆ ನೀರೆಂದರೆ ಎಷ್ಟು ಭಯ, ನಿಮಗೆ ಗೊತ್ತೇ ಇದೆ. ನಾನು ಮಾತ್ರ ಸಾಹೇಬರು ಮತ್ತೆ ಬರುವವರೆಗೆ ಗಡುವು ಕೇಳಿದೆ. ಪರವಾನಗಿ ಸಿಗದಿದ್ದರೆ ಅದೇ ದಿನ ಗುರುಪಾದಪ್ಪ ಒಯ್ಯಲಿ ಎಂದು ಅತ್ತೆ ಒಪ್ಪಿದರು. ಖಾಜಾನ ಮಾತು ತೆಗೆದಾಗ, ಅವನಿಗೆ ಭಜಿ ಕರಿಯೋದು ಕಲಿಸಿದರಾಯಿತು ಎಂದರು. ಅಂದರೇನೋ ಅಂದರು, ಆಮೇಲೆ ಆರಿಸಿಟ್ಟ ಬೇಳೆಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡರು.

ಹೈದರಾಬಾದಿನ ಅಂಗಡಿಯಿಂದ ಹೊಸ ಪರದೆ ತರಿಸಿದೆ. ನೀವು ಅದನ್ನು ನೋಡಬೇಕಿತ್ತು. ಸುಡು ಬಿಸಿಲಿನಲ್ಲೂ ಡ್ಯಾಮಿನ ದಂಡೆ, ತಿರುವು ಎಲ್ಲ ಬಣ್ಣಬಣ್ಣವಾಗಿ ಕಾಣುತ್ತದೆ. ಆಳ ಕಡಿಮೆಯಾದರೆ ಕೂಗಿ ಎಚ್ಚರಿಸುತ್ತದೆ. ಆದರೆ ಆಳ ಎಷ್ಟೆಂದು ಅದಕ್ಕೆ ಯಾರಾದರೂ ಹೇಳಬೇಕಲ್ಲ? ನಿಮ್ಮ ಡಬ್ಬಿಯಿಂದ ಹೊರಬರುವುದು ಬರಿಯ ತಂತಿ. ಈ ಪರದೆಗೆ ಇರುವುದು ಐದು ಮುಳ್ಳಿನ ದುಂಡು ಪಿನ್. ನಿಮ್ಮದು ಒಬ್ಬ ಮಾತಾಡಿದರೆ ಉಳಿದವರು ಕೇಳುವ ಕಾಲದ್ದು. ಹೊಸದರಲ್ಲಿ ಒಂದೇ ತಂತಿಯ ಮೇಲೆ ಎಲ್ಲರೂ ಸರದಿಯಂತೆ ಮಾತಾಡುತ್ತಾರೆ. ಅಂಗಡಿಯವನು ಅರ್ಧ ಹಿಂದಿ, ಅರ್ಧ ತೆಲುಗಿನಲ್ಲಿ, ಹಳೆಯದನ್ನು ಕಿತ್ತು ಬಿಸಾಡಿ ಹೊಸದು ಹಾಕಿಸಿರಿ ಎಂದ. ಎಲ್ಲಿಂದ ಕೀಳುವುದು ಮಾಮಾ? ಆ ಗುಂಡನ್ನು ನೀವು ದೋಣಿಯ ತಳಕ್ಕೆ ಅಂಟು ಸುರಿದು ಕೂರಿಸಿದ ರೀತಿಗೆ, ಅದನ್ನು ಕಿತ್ತರೆ ದೋಣಿಯ ತಳವೇ ಕೈಗೆ ಬರುತ್ತದೆ. ಕೊನೆಗೆ, ಎರಡರ ನಡುವೆ ನಿಂತು ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ ಪುಟ್ಟ ಪೆಟ್ಟಿಗೆಯೊಂದು ಬರುತ್ತದೆ ಎಂದು ಅವನೇ ಒಪ್ಪಿಕೊಂಡು ಕಳಿಸಿದ.

ಆ ಪೆಟ್ಟಿಗೆ ಬಂದ ದಿನ ಎಲ್ಲವನ್ನೂ ನೀವು ನನಗೆ ಕೆಲಸ ಕಲಿಸಿದ ಅಂಗಡಿಯ ಮೇಜಿನ ಮೇಲೆ ಹರವಿ ನೋಡಿ, ಮತ್ತೆ ಚೀಲಕ್ಕೆ ತುಂಬಿ, ಮರುದಿನ ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಗೆ ಹೋದೆ. ದೋಣಿಯಲ್ಲಿ ಕೂತು ಜೋಡಿಸುವಾಗ ನೋಡುತ್ತೇನೆ, ಒಂದು ಮುಚ್ಚಳ ಇಲ್ಲ. ಹೊಸ ಕಾಲದ ತಂತಿಗೆ ಎರಡೂ ತುದಿಯಲ್ಲಿ ಹೆಬ್ಬೆರಳಿನಷ್ಟು ಮುಚ್ಚಳ ಹಾಕಬೇಕು. ಒಂದು ಇತ್ತು, ಇನ್ನೊಂದು ಇರಲಿಲ್ಲ. ಇರುವುದರಲ್ಲೇ ನೋಡೋಣವೆಂದು ಚಾಲೂ ಮಾಡಿದೆ. ಪರದೆಗೆ ಒಮ್ಮೆ ಪೆಟ್ಟಿಗೆ ಕಾಣುವುದು, ಒಮ್ಮೆ ಮಾಯವಾಗುವುದು. ಅಂಗಡಿಯವನಿಗೆ ಫೋನ್ ಹಚ್ಚಿ ಜಗಳಾಡಿದೆ. ಎರಡೂ ಕಳಿಸಿದ್ದೇನೆ ಎಂದು ಅವನು ತನ್ನ ತಾಯಿಯ ಮೇಲೆ ಆಣೆ ಇಟ್ಟ. ನಾನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಜಗುಲಿಯ ಮುಂದೆ ನಿಂತು, ಲಿಂಗಪೂಜೆಗೆ ಮೊದಲು ನಿಮ್ಮ ಫೋಟೋಕ್ಕೆ ಕೈ ಮುಗಿದೆ. ಊದಿನಕಡ್ಡಿಯ ಹೊಗೆ ಸಣ್ಣಗೆ ಏಳುತ್ತಿತ್ತು. ಕಡ್ಡಿ ಸಿಗಿಸಿದ್ದು ದಿನದ ಹಿತ್ತಾಳೆಯ ಸ್ಟ್ಯಾಂಡಿಗಲ್ಲ. ಕಪ್ಪಗೆ, ದುಂಡಗೆ, ಐದು ತೂತಿನ ಒಂದು ವಸ್ತು. ಐದರಲ್ಲೂ ಒಂದೊಂದು ಕಡ್ಡಿ. ಮಾಮಾ, ಹೈದರಾಬಾದಿನವನ ತಾಯಿಯ ಆಣೆ ಸುಳ್ಳಾಗಿರಲಿಲ್ಲ. ನಾನು ಊರೆಲ್ಲ ಹುಡುಕಿದ ಮುಚ್ಚಳ ನಿಮ್ಮ ಮುಂದೆಯೇ ಘಮಘಮಿಸುತ್ತಿತ್ತು. ನೀವಾದರೂ ಒಂದು ಮಾತು ಹೇಳಬಾರದಿತ್ತೇ?

ಅತ್ತೆಗೆ ಅದು ಅಂಗಡಿಯ ಮೇಜಿನ ಕೆಳಗೆ ಬಿದ್ದು ಸಿಕ್ಕಿತ್ತಂತೆ. ತೂತುಗಳು ಕಡ್ಡಿಗೆಂದೇ ಮಾಡಿದ ಹಾಗಿವೆ, ನಿಮ್ಮ ಅಂಗಡಿಯಿಂದ ಇಷ್ಟು ವರ್ಷದಲ್ಲಿ ಮನೆಗೆ ಬಂದ ಉಪಯೋಗದ ಸಾಮಾನು ಇದೊಂದೇ ಎಂದು ಹೊಗಳಿದರು. ನಾನು ಅದನ್ನು ಬಿಚ್ಚಿಕೊಂಡು ಬೂದಿ ಝಾಡಿಸಿ, ಸ್ಪಿರಿಟ್ಟಿನಿಂದ ತೊಳೆದು, ಮೀಟರು ಹಚ್ಚಿ ನೋಡಿದೆ. ಚೆನ್ನಾಗಿಯೇ ಇತ್ತು. ಇದರ ಕೆಲಸವಾದರೂ ಏನು ಎಂದು ಅತ್ತೆ ಕೇಳಿದರು. ಮಾತು ತಂತಿಯ ತುದಿಗೆ ಬಡಿದು ತಿರುಗಿ ಬಂದು ಗದ್ದಲ ಮಾಡದಂತೆ ತಡೆಯುತ್ತದೆ ಎಂದು ಹೇಳಿದೆ. ಅವರು ಬೂದಿ ಬಿದ್ದ ಜಾಗ ಒರೆಸುತ್ತ, "ನಿಮ್ಮ ಮಾಮಾ ಇದ್ದಾಗ ಈ ಮನಿಗಿ ಒಂದು ತರಸಬೇಕಿತ್ತು ನೋಡು" ಎಂದರು. ಅಂಗಡಿಯವನಿಗೆ ಫೋನ್ ಮಾಡಿ ಮುಚ್ಚಳ ಸಿಕ್ಕಿತು ಎಂದೆ. ಎಲ್ಲಿತ್ತು ಎಂದು ಕೇಳಿದ. ಹಿರಿಯರ ಹತ್ತಿರ ಇತ್ತು ಎಂದು ಹೇಳಿ ಇಟ್ಟುಬಿಟ್ಟೆ.

ಎರಡನೇ ಸಲ ಹೋದಾಗ ಪರದೆಗೂ ಪೆಟ್ಟಿಗೆಗೂ ದೋಸ್ತಿಯಾಯಿತು, ಆದರೆ ಆಳದ ಜಾಗದಲ್ಲಿ ಬರಿಯ ಅಡ್ಡಗೆರೆ. ನಿಮ್ಮ ಡಬ್ಬಿ ನಿಧಾನಕ್ಕೆ ಮಾತಾಡುವ ಹಳೆಯ ಜೀವ. ಪೆಟ್ಟಿಗೆ ಅದನ್ನು ಆತುರದಿಂದ ಕೇಳುತ್ತಿತ್ತು. ನಿಧಾನ ಕೇಳು ಎಂದು ಅದಕ್ಕೆ ಹೊಂದಿಸಿದೆ. ಆಗಲೂ ಇಲ್ಲ. ಉಳಿದದ್ದು ತಂತಿ. ಅವುಗಳ ಬಣ್ಣದ ಬಗ್ಗೆ ನಿಮಗೆ ಏನು ಹೇಳಲಿ? ಮೂಲದ ತಂತಿ ಹರಿದಾಗ ನೀವು ಒಂದು ಕಡೆ ಮನೆಯ ವೈರಿಂಗಿನ ಕೆಂಪು, ಇನ್ನೊಂದು ಕಡೆ ಲೌಡ್‌ಸ್ಪೀಕರಿನ ಹಸಿರು, ನಡುವೆ ಎಲ್ಲಿಯದೋ ಬಿಳಿ ಹಚ್ಚಿದ್ದಿರಿ. ಯಾವುದು ಯಾವುದೆಂದು ನಾನು ಆಗಲೇ ಕೇಳಿದ್ದೆ. ನಿಮ್ಮ ಉತ್ತರ ಇನ್ನೂ ಕಿವಿಯಲ್ಲಿದೆ: "ನಂಗ ಗೊತ್ತದ ಬಿಡು." ಅದೇ ಈಗ... ಸರಿ. ಅದಲುಬದಲು ಮಾಡುತ್ತ ಕುಳಿತೆ. ಖಾಜಾ ಒಂದೊಂದು ಸಲಕ್ಕೂ ಬಿಸ್ಮಿಲ್ಲಾ ಎನ್ನುತ್ತಿದ್ದ, ನಾನು ಬಸವಾ ಎನ್ನುತ್ತಿದ್ದೆ. ಹಸಿರು ಬಿಳಿ ಜಾಗ ಬದಲಿಸಿದ ಕೂಡಲೇ ಅಡ್ಡಗೆರೆ ಹೋಗಿ ಅಂಕಿ ಮೂಡಿತು. ದೊಡ್ಡದಾಗಿ, ಬಿಸಿಲಿನಲ್ಲಿ ಸ್ಪಷ್ಟವಾಗಿ. ನಾನು "ಮಾಮಾ, ಬಂತು" ಎಂದು ಹಿಂದಿನ ಸೀಟಿನ ಕಡೆ ತಿರುಗಿಬಿಟ್ಟೆ. ಖಾಜಾ ದಂಡೆಯ ಮೇಲಿನ ಆಡುಗಳನ್ನು ನೋಡುತ್ತಿರುವ ಹಾಗೆ ಮುಖ ಆ ಕಡೆ ಮಾಡಿದ.

ಸಾಹೇಬರು ಬಂದ ಬೆಳಿಗ್ಗೆ ಅತ್ತೆಯೂ ನನ್ನ ಜೊತೆ ಬಂದಿದ್ದರು. ಗುರುಪಾದಪ್ಪ ಟ್ರ್ಯಾಕ್ಟರಿಗೆ ಟ್ರಾಲಿ ಕಟ್ಟಿಕೊಂಡು, ಒಳಗೆ ಹುಲ್ಲು ಹಾಸಿ, ತಯಾರಾಗಿಯೇ ಕಾಯುತ್ತಿದ್ದ. ಸಾಹೇಬರು ಇನ್ನೂ ದಂಡೆಯ ಮೇಲಿರುವಾಗಲೇ ಅವನು ದೋಣಿಗೆ ಒಂದು ಕಾಲಿಟ್ಟು, ಬಾಗಿಲು ಕೊಯ್ಯುವ ಜಾಗ ಇದೇ ಎಂದು ಮಗ್ಗುಲು ತಟ್ಟಿ ತನ್ನ ಆಳಿಗೆ ತೋರಿಸಿದ. ಅತ್ತೆ ಸೆರಗು ಬಿಗಿದು ಮುಂದೆ ಹೋದರು. "ಇನ್ನಾ ನಿಂದಾಗಿಲ್ಲಪಾ. ಇಳಿ" ಎಂದರು. ಅವನು ಇಳಿದ. ಅವನ ಕಾಲಿದ್ದ ಜಾಗ ಖಾಲಿಯಾಗಿ ಕಾಣಿಸಿತೋ ಏನೋ, ಅತ್ತೆ ಖಾಜಾನ ಭುಜ ಹಿಡಿದು ತಾವೇ ಹತ್ತಿ, ಹಲಗೆಯ ಮೇಲೆ ಕುಳಿತುಬಿಟ್ಟರು. ಎರಡೂ ಕೈಯಿಂದ ದೋಣಿಯ ಅಂಚು ಹಿಡಿದದ್ದು, ಬೆರಳು ಬೆಳ್ಳಗಾಗುವಷ್ಟು ಗಟ್ಟಿ. ಇಳಿಸುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ.

ನೀರಿನ ನಡುವೆ ಹೋದ ಮೇಲೆ ಸಾಹೇಬರು ಹೊಸ ಪರದೆ ನೋಡಿ ತಲೆಯಾಡಿಸಿದರು. ಐದೂವರೆ ಎಂದು ತೋರಿಸುತ್ತಿತ್ತು. ಇದು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಕ್ಕೆ ಹಿಂದಿನ ಡಬ್ಬಿ ತೋರಿಸಿದೆ. ಅವರು ಖಾಜಾನ ಟವೆಲ್ ಇಸಕೊಂಡು ತಲೆಗೆ ಹೊದ್ದು ಇಣುಕಿದರು. ಟವೆಲಿನೊಳಗಿಂದ, "ಇದ್ರಾಗ ಮೂರು ಅದ" ಎಂಬ ದನಿ ಬಂತು. ಖಾಜಾ ಅವಸರದಲ್ಲಿ, ಉಸ್ತಾದರ ಡಬ್ಬಿ ಎಂದೂ ಸುಳ್ಳು ಹೇಳಿಲ್ಲ, ತಪ್ಪಿದ್ದರೆ ಹೊಸದರದ್ದೇ ಇರಬೇಕು ಎಂದುಬಿಟ್ಟ. ನಾನು ಅಡ್ಡ ಬಂದೆ. ಎರಡೂ ಸರಿಯಾಗಿವೆ, ಹೊಸದರದು ಮೀಟರು, ಹಳೆಯದು ಮುಂಬೈಯ ಮೀನುಗಾರರ ದೋಣಿಯದು, ಅದು ಫ್ಯಾದಮ್ಮಿನಲ್ಲಿ ಎಣಿಸುತ್ತದೆ ಎಂದೆ. ಹಾಗೆಂದರೇನು ಎಂದು ಸಾಹೇಬರು ಟವೆಲ್ ಸರಿಸಿ ಕೇಳಿದರು. ಅದನ್ನು ಮೀಟರಿನ ಲೆಕ್ಕದಲ್ಲಿ ಹೇಗೆ ತಿಳಿಸಿ ಹೇಳುವುದೆಂದು ನಾನು ತಡವರಿಸುತ್ತಿದ್ದಾಗ ನೀವು ನನಗೆ ಒಮ್ಮೆ ಕೈ ಚಾಚಿ ತೋರಿಸಿದ್ದು ನೆನಪಾಗಿ, ನಮ್ಮ ಮಾರು ಇದ್ದಂತೆ ಎಂದೆ. "ಮಾರಾ?" ಎಂದು ಅತ್ತೆ ಅಂಚು ಹಿಡಿದ ಎರಡೂ ಕೈ ಬಿಟ್ಟು, ಅಗಲಕ್ಕೆ ಚಾಚಿದರು. "ಇಷ್ಟ ಅಲ್ಲೇನು? ಬಾವಿ ಹಗ್ಗ ಅಳಿಯೋದು."

ಸಾಹೇಬರು ಮಳಖೇಡದ ಕಡೆಯ ಒಕ್ಕಲುತನದ ಮನೆಯವರಂತೆ. ನಕ್ಕರು. ಕಲ್ಲು ಕಟ್ಟಿದ ಹಗ್ಗ ಬಿಡಿಸಿ, ತಳ ಮುಟ್ಟಿದ ಮೇಲೆ ಎಳೆದು ತಮ್ಮ ತೋಳಿನಿಂದಲೇ ಅಳೆದರು. ಮೂರು ಮಾರಿಗೆ ತುಸು ಕಡಿಮೆ ಬಂತು. ನಿಮ್ಮ ಕೈ ಉದ್ದವಿದೆ ಸಾಹೇಬರೇ ಎಂದು ಖಾಜಾ ಸಮಾಧಾನ ಹೇಳಿದ.

ತಿರುಗಿ ಬರುವಾಗ ಪಶ್ಚಿಮದ ದಂಡೆಯ ಕಡೆ ಹೊರಟಿದ್ದೆವು. ಖಾಜಾ ಸಾಹೇಬರಿಗೆ ಯಾವುದೋ ದೊಡ್ಡ ಮೀನಿನ ಕಥೆ ಹೇಳುವ ಭರದಲ್ಲಿದ್ದ. ಪರದೆಯ ಅಂಕಿ ನಾಲ್ಕಕ್ಕೆ ಇಳಿಯಿತು, ಎರಡಕ್ಕೆ ಇಳಿಯಿತು, ಒಮ್ಮೆಲೇ ಕೂಗಿಕೊಂಡಿತು. ಖಾಜಾ ಮೀನನ್ನು ಅರ್ಧಕ್ಕೇ ಬಿಟ್ಟು ಎಂಜಿನ್ ನಿಲ್ಲಿಸಿದ. ದೋಣಿ ತನ್ನಷ್ಟಕ್ಕೆ ಜಾರಿ ನಿಂತಿತು. ಹುಟ್ಟು ಇಳಿಸಿ ನೋಡಿದ: ಮುಂದೆ ಒಂದು ಗೇಣಿನ ಕೆಳಗೆ ಕಲ್ಲಿನ ಗೋಡೆ. ಮೇಲಿನಿಂದ ನೋಡಿದರೆ ನೀರು ಎಲ್ಲ ಕಡೆಯಂತೆ ತಣ್ಣಗೆ, ನೀಲಿಯಾಗಿತ್ತು. ಅತ್ತೆ ಹಿಂದೆ ಬಗ್ಗಿ, ನಿಮ್ಮ ಡಬ್ಬಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

ದಂಡೆಗೆ ಬಂದ ಮೇಲೆ ಸಾಹೇಬರು ಪರವಾನಗಿ ಕೊಡುವುದಾಗಿ ಹೇಳಿದರು. ಗುರುಪಾದಪ್ಪ ಮುಖ ಸಣ್ಣದು ಮಾಡಿಕೊಂಡು, ಇಷ್ಟು ದೂರ ಖಾಲಿ ಟ್ರಾಲಿ ತಂದೆನಲ್ಲಾ ಎಂದ. ಅತ್ತೆ ಅವನಿಗೆ, "ಅದನ್ನೇ ಹೋಟೆಲ್ ಮುಂದ ನಿಲ್ಲಸಪಾ. ಹುಲ್ಲಂತೂ ಹಾಸಿದ್ದಿ, ಜನ ಬರೋಬ್ಬರಿ ಕುಂದರ್ತಾರ" ಎಂದರು. ಅವನು ಮೊದಲು ಸಿಟ್ಟಾದ. ಆಮೇಲೆ ಟ್ರಾಲಿಯನ್ನು ಒಂದು ಸುತ್ತು ಹಾಕಿ ನೋಡಿದ. ಹೋದ ತಿಂಗಳು ತೆಂಗಳಿಯ ಮೇಲಿಂದ ಬಸ್ಸಿನಲ್ಲಿ ಬರುವಾಗ ನೋಡಿದೆ, ಟ್ರಾಲಿಯಲ್ಲಿ ಮೇಜು ಹಾಕಿದ್ದಾನೆ, ಜನ ಕೂತು ಭಜಿ ತಿನ್ನುತ್ತಿದ್ದಾರೆ.

ಖಾಜಾ ಈಗ ಟವೆಲನ್ನು ಬೆವರು ಒರೆಸಲಷ್ಟೇ ಬಳಸುತ್ತಾನೆ. ಭಾನುವಾರ ಕಲಬುರಗಿಯಿಂದಲೂ ಜನ ಬರುತ್ತಾರೆ. ಶಾಂತು ದಂಡೆಯ ಮೇಲೆ ನಿಂತು ಜನರಿಗೆ ತೇಲುವ ಜಾಕೀಟು ಹಂಚುತ್ತಾರೆ, ತಾವೂ ಒಂದು ತೊಟ್ಟುಕೊಂಡು, ಒಣ ನೆಲದ ಮೇಲೆ.

ಇನ್ನು ನಿಮಗೆ ತಲುಪಬೇಕಾದ ಸುದ್ದಿ ಒಂದೇ ಉಳಿದಿದೆ. ಪರವಾನಗಿ ಬರೆಯುವಾಗ ಸಾಹೇಬರು ದೋಣಿಯ ಹೆಸರೇನು ಎಂದು ಕೇಳಿದರು. ಇಷ್ಟು ವರ್ಷ ನಾವೆಲ್ಲ ಬೋಟ್ ಎಂದೇ ಅಂದೆವು. ನೀವು ಅದಕ್ಕೊಂದು ಹೆಸರಿಟ್ಟಿದ್ದನ್ನು ನಾನಂತೂ ಕೇಳಿಲ್ಲ. ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ ಎಂದು ಬಂದೆ. ಶಾಂತು ನಿಮ್ಮ ಹೆಸರೇ ಇಡೋಣವೆಂದರು. ನಾನು ಗಂಗಾ, ಕಾಗಿಣಾ ಎಂದು ನದಿಗಳ ಹೆಸರೆಲ್ಲ ಹೇಳಿ ನೋಡಿದೆ. ಅತ್ತೆ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ, ನಮ್ಮ ಕಡೆ ತಿರುಗಲೂ ಇಲ್ಲ.

"ಸವತಿ ಅಂತ ಬರಿ" ಎಂದರು. "ನಂಗಿಂತ ಭಾಳ ಅದರ ಜೋಡಿನೇ ಸಂಸಾರ ಮಾಡ್ಯಾರ. ಹೋಗ್ಲಿ, ಈಗ ನಾವಿಬ್ರೇ ಉಳದೀವಿ. ಚಂದ ನೋಡ್ಕೋತೀನಿ ಅಂತ ಹೇಳು ಅವರಿಗೆ."

ಹೇಳಿದ್ದೇನೆ, ಮಾಮಾ.